ಚುಂಚನಕಟ್ಟೆಯಿಂದ ನಯಾಗರದವರೆಗೆ

ಜಗತ್ತಿನಲ್ಲಿ ನೋಡತಕ್ಕ ಅದ್ಭುತಗಳು ಯಾವುವು ಎಂಬ ಪ್ರಶ್ನೆ ಬಹಳ ಹಳೆಯದು. ಪುರಾತನ ಗ್ರೀಕರು ಏಳನ್ನು ಎಣಿಸಿದರು. ಆ ಏಳರಲ್ಲಿ ಇಂದು ನಿಂತಿರುವುದು ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ಡು ಒಂದೇ; ಮಿಕ್ಕವು ಬೆಂಕಿಗೋ ಭೂಕಂಪಕ್ಕೋ ಮನುಷ್ಯನ ಕೈಗೋ ತುತ್ತಾದುವು. ಅನಂತರದ ಕಾಲದಲ್ಲಿ ಪಟ್ಟಿಗಳು ಬೆಳೆದುವು. ಚೀನದ ಮಹಾಗೋಡೆ, ಆಗ್ರದ ತಾಜಮಹಲು, ಪೆರು ದೇಶದ ಮಾಚು ಪಿಚ್ಚು ಇವು ಮನುಷ್ಯನ ಸಾಲಿನಲ್ಲಿ ನಿಂತರೆ, ಅಮೆರಿಕದ ಗ್ರಾಂಡ್ ಕ್ಯಾನಿಯನ್ ಕಮರಿ, ಎವರೆಸ್ಟ್ ಶಿಖರ, ಆಫ್ರಿಕದ ವಿಕ್ಟೋರಿಯಾ ಜಲಪಾತ ಇವು ಪ್ರಕೃತಿಯ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡಿಗರು ಶ್ರವಣಬೆಳಗೊಳದ ಗೊಮ್ಮಟನನ್ನೂ ವಿಜಯಪುರದ ಗೋಳಗುಮ್ಮಟವನ್ನೂ ಜೋಗವನ್ನೂ ಅವುಗಳ ಪಕ್ಕದಲ್ಲಿ ಇರಿಸಿಕೊಳ್ಳುತ್ತಾರೆ. ಅದು ನ್ಯಾಯವೂ ಹೌದು.

ಆದರೆ ಈ ಪಟ್ಟಿಗಳಲ್ಲಿ ಜಲಪಾತವೆಂಬುದು ಮಿಕ್ಕವುಗಳಿಗಿಂತ ಬೇರೆಯಾದ ಜಾತಿಯದು. ಪಿರಮಿಡ್ಡನ್ನು ಈ ವರ್ಷ ನೋಡಲಾಗದಿದ್ದರೆ ಹತ್ತು ವರ್ಷಗಳ ಮೇಲೆ ನೋಡಬಹುದು. ಅದು ಅಲ್ಲಿಯೇ ಇರುತ್ತದೆ. ಕ್ರಿ. ಶ. ೯೮೧ರ ಸುಮಾರಿನಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನು ಬೇಸಗೆಯಲ್ಲಿಯೂ ಅವನೇ, ಮಳೆಗಾಲದಲ್ಲಿಯೂ ಅವನೇ. ಜಲಪಾತವಾದರೋ ಒಂದು ವಸ್ತುವಲ್ಲ, ಒಂದು ವ್ಯಾಪಾರ. ಬಂಡೆಯು ಅದರ ರಂಗಸ್ಥಳ ಮಾತ್ರ. ನೀರು ಬೀಳುತ್ತಿರುವಷ್ಟು ಹೊತ್ತು ಅದು ಉಂಟು, ನೀರು ನಿಂತೊಡನೆ ಇಲ್ಲ. ಇನ್ನೊಂದು ವಿಶೇಷವೂ ಉಂಟು. ಪ್ರಕೃತಿಯ ಅದ್ಭುತಗಳ ಪೈಕಿ ಮನುಷ್ಯನು ಬೀಗ ಹಾಕಿ ಬೀಗ ತೆಗೆಯಬಹುದಾದದ್ದು ಇದೊಂದೇ ಎನ್ನಬೇಕು. ಎವರೆಸ್ಟಿಗೆ ಬೀಗವಿಲ್ಲ. ಜಲಪಾತದ ಬೀಗದ ಕೈ ಮೇಲಣ ಅಣೆಕಟ್ಟಿನ ತೂಬಿನಲ್ಲಿದೆ.

ಈ ಸಂಗತಿಯನ್ನು ನಾವು ಯೋಚಿಸುವಂತಾದುದು ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಕೇಳಿದ ಪ್ರಶ್ನೆಯಿಂದ. ಹುಣಸೂರು, ಪಿರಿಯಾಪಟ್ಟಣಗಳ ನಡುವೆ ಹೆದ್ದಾರಿಯ ಮೇಲಿರುವ ಕಂಪಲಾಪುರವನ್ನು ವಾಚಕರಲ್ಲಿ ಹಲವರು ಮಡಿಕೇರಿಗೆ ಹೋಗುವಾಗ ದಾಟಿರಬಹುದು. ಹೊಗೆಸೊಪ್ಪಿನ ಬೆಳೆಗೂ ಅದರ ಹರಾಜಿಗೂ ಹೆಸರಾದ ಊರು. ಆ ಕಡೆಯಿಂದ ಬರುವ ಹುಡುಗನೊಬ್ಬನು, ನಯಾಗರದ ವಿಷಯವನ್ನು ನಾವು ಹೇಳುತ್ತಿರುವಾಗ, "ನಮ್ಮ ಚುಂಚನಕಟ್ಟೆ ಯಾವ ಪಟ್ಟಿಯಲ್ಲಿಯೂ ಏಕಿಲ್ಲ?" ಎಂದು ಕೇಳಿದನು. ಉಳಿದವರು ನಕ್ಕರು. ನಗತಕ್ಕ ಪ್ರಶ್ನೆ ಅದಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಕಾವೇರಿಯ ಚರಿತ್ರೆಯೂ ಭೌತಶಾಸ್ತ್ರದ ಒಂದು ಮುಖ್ಯ ಅಧ್ಯಾಯವೂ ನಮ್ಮ ಕೈಗೆ ಬರುತ್ತವೆ.

ಚುಂಚನಕಟ್ಟೆ ಇರುವುದು ಕೃಷ್ಣರಾಜನಗರದಿಂದ ಸುಮಾರು ೧೫ ಕಿಲೋಮೀಟರು ದೂರದಲ್ಲಿ. ಕಂಪಲಾಪುರದಿಂದ ಬೆಳಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಕೊಡಗನ್ನು ಬಿಟ್ಟು ಬಂದ ಕಾವೇರಿಯು ಇಲ್ಲಿ ಕವಲಾಗಿ ಒಡೆದು, ಬಂಡೆಗಳ ಮೇಲಿಂದ ಸುಮಾರು ೨೦ ಮೀಟರು, ಎಂದರೆ ೬೫ ಅಡಿಯಷ್ಟು ಕೆಳಕ್ಕೆ ಧುಮುಕಿ, ಮತ್ತೆ ಒಂದಾಗಿ ಮುಂದುವರಿಯುತ್ತದೆ. ದಡದ ಮೇಲೆ ಕೋದಂಡರಾಮನ ದೇವಸ್ಥಾನ. ವನವಾಸದ ಕಾಲದಲ್ಲಿ ರಾಮ ಸೀತೆಯರಿಗೆ ಚುಂಚ, ಚುಂಚಿ ಎಂಬ ದಂಪತಿಗಳು ಆತಿಥ್ಯ ನೀಡಿದರೆಂದೂ ಊರಿಗೆ ಅವರಿಂದಲೇ ಹೆಸರು ಬಂದಿತೆಂದೂ ಸ್ಥಳಪುರಾಣ. ಗರ್ಭಗುಡಿಯಲ್ಲಿ ಸೀತೆಯು ರಾಮನ ಬಲಗಡೆಗೆ ನಿಂತಿರುವುದನ್ನು ಭಕ್ತರು ವಿಶೇಷವಾಗಿ ತೋರಿಸುತ್ತಾರೆ. ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ, ಇಲ್ಲಿ ಸೇರುವ ದನಗಳ ಜಾತ್ರೆ ಹಳೆಯ ಮೈಸೂರು ಸೀಮೆಯಲ್ಲೆಲ್ಲ ಪ್ರಸಿದ್ಧ. ಹೆಸರಿನಲ್ಲಿರುವ 'ಕಟ್ಟೆ'ಯನ್ನು ಮರೆಯಬಾರದು. ಯಂತ್ರಯುಗಕ್ಕೆ ಬಹಳ ಮೊದಲೇ ನಮ್ಮವರು ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆಗಳನ್ನು ಹಾಕಿ, ನಾಲೆ ತೆಗೆದು, ಈ ಸೀಮೆಯ ಗದ್ದೆಗಳಿಗೆ ನೀರೂಡಿಸಿದ್ದರು. ಬೀಳುವ ನೀರನ್ನು ಮನುಷ್ಯನು ಪಾಲು ಕೇಳುವುದು ನಿನ್ನೆ ಮೊನ್ನೆಯ ಅಭ್ಯಾಸವಲ್ಲ.

ಇಲ್ಲಿಯ ಜನ ಹೇಳುವ ಇನ್ನೊಂದು ಮಾತು ನಮಗೆ ಬಹಳ ಪ್ರಿಯವಾದುದು. ಜಲಪಾತದ ಮೊರೆತ ದೇವಸ್ಥಾನದ ಆವರಣದಲ್ಲೆಲ್ಲ ಕೇಳಿಸಿದರೂ ಗರ್ಭಗುಡಿಯ ಒಳಗೆ ಕೇಳಿಸುವುದಿಲ್ಲವಂತೆ! ಇದಕ್ಕೆ ಪುರಾಣವು ತನ್ನದೇ ಆದ ಕಾರಣವನ್ನು ಕೊಡುತ್ತದೆ. ಶಬ್ದಶಾಸ್ತ್ರವೂ ಒಂದು ಮಾತು ಹೇಳಬಲ್ಲುದು. ಎರಡಕ್ಕೂ ಜಗಳವೇನೂ ಇಲ್ಲ.

ಜಲಪಾತದ ಸದ್ದು ಹುಟ್ಟುವುದು ನೀರು ಕಲ್ಲಿಗೆ ಬಡಿಯುವುದರಿಂದ ಎಂದು ನಾವೆಲ್ಲರೂ ಭಾವಿಸುತ್ತೇವೆ. ಅದರಲ್ಲಿ ದೊಡ್ಡ ಪಾಲು ಗಾಳಿಯ ಗುಳ್ಳೆಗಳದು. ಬೀಳುವ ನೀರು ಗಾಳಿಯನ್ನು ತನ್ನೊಡನೆ ಕೆಳಕ್ಕೆ ಎಳೆದೊಯ್ಯುತ್ತದೆ. ನೀರೊಳಗೆ ಸಿಕ್ಕಿದ ಪ್ರತಿಯೊಂದು ಗುಳ್ಳೆಯೂ ಕುಗ್ಗುತ್ತ ಹಿಗ್ಗುತ್ತ ಪುಟ್ಟ ಗಂಟೆಯಂತೆ ನಾದ ಮಾಡುತ್ತದೆ. ೧೯೩೩ರಲ್ಲಿ ಮಿನ್ನಾರ್ಟ್ ಎಂಬ ವಿಜ್ಞಾನಿಯು ಈ ನಾದದ ಲೆಕ್ಕವನ್ನು ಕೊಟ್ಟನು. ೩ ಮಿಲಿಮೀಟರು ತ್ರಿಜ್ಯದ ಗುಳ್ಳೆಯು ಸೆಕೆಂಡಿಗೆ ಸುಮಾರು ಸಾವಿರ ಸಲ ಕಂಪಿಸುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ನಾದ ಏರುತ್ತದೆ. ಕೋಟಿಗಟ್ಟಲೆ ಗುಳ್ಳೆಗಳು ತಾಳಮೇಳವಿಲ್ಲದೆ ಒಟ್ಟಿಗೆ ಮಿಡಿಯುವುದನ್ನು ನಾವು 'ಭೋರ್ಗರೆತ'ವೆಂದು ಕರೆಯುತ್ತೇವೆ. ಸಾವಿರ ಕಂಪನದ ಶಬ್ದದ ಅಲೆಯುದ್ದ ಗಾಳಿಯಲ್ಲಿ ಸುಮಾರು ೩೪ ಸೆಂಟಿಮೀಟರು. ಇಂತಹ ಗಿಡ್ಡ ಅಲೆಗಳು ಮೂಲೆಗಳನ್ನು ಬಳಸಿ ಬಾಗಿ ಹೋಗುವುದರಲ್ಲಿ ಚತುರವಲ್ಲ. ದಪ್ಪ ಕಲ್ಲಿನ ಗೋಡೆಯು ಅವನ್ನು ಒಳಕ್ಕೆ ಬಿಡುವುದಿಲ್ಲ. ಇರುವ ಒಂದೇ ದಾರಿಯೆಂದರೆ ಬಾಗಿಲು. ಗರ್ಭಗುಡಿಗೆ ಒಂದೇ ಕಿರಿದಾದ ಬಾಗಿಲು, ಅದರ ಮುಂದೆ ಸುಕನಾಸಿ, ಅದರ ಮುಂದೆ ನವರಂಗ. ಶಬ್ದವು ಇಷ್ಟು ಬಾಗಿಲುಗಳನ್ನು ತಿರುಗಿ ತಿರುಗಿ ದಾಟುವಷ್ಟರಲ್ಲಿ ಸೊರಗಿರುತ್ತದೆ. ನಮ್ಮ ಶಿಲ್ಪಿಗಳು ಗರ್ಭಗೃಹವನ್ನು ಕತ್ತಲೆಯ ಕೋಣೆಯಾಗಿ ಕಟ್ಟಿದರು. ಕಟ್ಟುತ್ತ ಕಟ್ಟುತ್ತ ಅದನ್ನು ನಿಶ್ಶಬ್ದದ ಕೋಣೆಯಾಗಿಯೂ ಮಾಡಿದರು.

ಬಿದ್ದ ನೀರು ಬಿಸಿಯಾಗುವುದೆ?

ಇಪ್ಪತ್ತು ಮೀಟರಿನಿಂದ ನೆಟ್ಟಗೆ ಬೀಳುವ ವಸ್ತುವಿಗೆ ನೆಲ ಮುಟ್ಟಲು ಎರಡು ಸೆಕೆಂಡು ಸಾಕು. ಆಗ ಅದರ ವೇಗ ಗಂಟೆಗೆ ಸುಮಾರು ೭೧ ಕಿಲೋಮೀಟರು. ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗವೆನ್ನಿ. ಜೋಗದ ೨೫೩ ಮೀಟರು ಬೀಳಲು ಏಳು ಸೆಕೆಂಡಿಗೆ ಸ್ವಲ್ಪ ಹೆಚ್ಚು ಕಾಲ ಬೇಕು, ಗಾಳಿಯು ಅಡ್ಡಿ ಬಾರದಿದ್ದರೆ. ಆದರೆ ಗಾಳಿ ಅಡ್ಡಿ ಬರುತ್ತದೆ. ನೀರು ಸೀಳಿ ಹನಿಯಾಗುತ್ತದೆ. ಹನಿಯು ಎಷ್ಟೇ ಎತ್ತರದಿಂದ ಬಿದ್ದರೂ ಸೆಕೆಂಡಿಗೆ ೯ ಮೀಟರಿನಷ್ಟು ವೇಗವನ್ನು ಮೀರಲಾರದು. ಜೋಗದ ಎದುರು ನಿಂತವರಿಗೆ ನೀರು ಬೀಳುತ್ತಿಲ್ಲ, ಇಳಿಯುತ್ತಿದೆ ಎಂಬ ಭಾವನೆ ಬರುವುದು ಇದರಿಂದಲೇ.

ಹಾಗಾದರೆ ಅಷ್ಟು ಎತ್ತರದಿಂದ ಇಳಿದ ನೀರಿನ ಶಕ್ತಿಯೆಲ್ಲ ಎಲ್ಲಿಗೆ ಹೋಯಿತು? ನಾಶವಾಯಿತೆನ್ನುವಂತಿಲ್ಲ, ಶಕ್ತಿಗೆ ನಾಶವಿಲ್ಲ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ ಎಂಬಾತನು ೧೮೪೫ರಲ್ಲಿಯೇ ಉತ್ತರ ಹೇಳಿದನು: ಅದು ಶಾಖವಾಗಿ ನೀರಿನಲ್ಲಿಯೇ ಉಳಿಯಬೇಕು. ೮೧೭ ಅಡಿ ಬಿದ್ದ ನೀರು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ಬಿಸಿಯಾಗಬೇಕೆಂದೂ, ೧೬೦ ಅಡಿ ಬೀಳುವ ನಯಾಗರ ನದಿಯು ಡಿಗ್ರಿಯ ಐದರಲ್ಲೊಂದು ಭಾಗ ಬಿಸಿಯಾಗಬೇಕೆಂದೂ ಅವನ ಲೆಕ್ಕ. ಜೌಲನು ವೃತ್ತಿಯಿಂದ ಬಿಯರ್ ತಯಾರಿಸುವ ಮನೆತನದವನು, ಪ್ರೊಫೆಸರನಲ್ಲ. ವಿದ್ವಾಂಸರು ಅವನ ಮಾತಿಗೆ ಮೊದಮೊದಲು ಕಿವಿಗೊಡಲಿಲ್ಲ. ೧೮೪೭ರ ಬೇಸಗೆಯಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದ ವಿಲಿಯಂ ಥಾಮ್ಸನ್ನನು ಆಲ್ಪ್ಸ್ ಪರ್ವತಗಳಲ್ಲಿ ತಿರುಗಾಡುತ್ತಿದ್ದಾಗ ಎದುರಿಗೆ ಬಂದವನು ಅದೇ ಜೌಲ್. ಆಗ ತಾನೇ ಮದುವೆಯಾಗಿತ್ತು, ಹೆಂಡತಿ ಗಾಡಿಯಲ್ಲಿದ್ದಳು, ಗಂಡನ ಕೈಯಲ್ಲಿ ಉಷ್ಣಮಾಪಕ! ಜಲಪಾತದ ಮೇಲಣ ನೀರಿಗೂ ಕೆಳಗಣ ನೀರಿಗೂ ಇರುವ ಉಷ್ಣತೆಯ ಅಂತರವನ್ನು ಅಳೆಯಬೇಕೆಂಬುದು ಅವನ ಆಸೆ. ಸಲ್ಲಾಂಶ್ ಎಂಬಲ್ಲಿಯ ಜಲಪಾತದ ಬಳಿ ಇಬ್ಬರೂ ಕೂಡಿ ಪ್ರಯತ್ನಿಸಿದರು. ನೀರು ಪೂರ್ತಿ ತುಂತುರಾಗಿ ಚೆದರುತ್ತಿದ್ದುದರಿಂದ ಪ್ರಯೋಗ ಫಲಿಸಲಿಲ್ಲ. ತುಂತುರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆಯಷ್ಟೆ. ಬಿದ್ದು ಗಳಿಸಿದ ಶಾಖಕ್ಕಿಂತ ಹೀಗೆ ಕಳೆದ ಶಾಖವೇ ಹೆಚ್ಚಾಗಬಹುದು.

ಜೌಲನು ಹೇಳಿದ ೮೧೭ ಅಡಿಯನ್ನು ವಾಚಕರು ಇನ್ನೊಮ್ಮೆ ನೋಡಬೇಕು. ನಮ್ಮ ಜೋಗದ ಎತ್ತರ ೮೩೦ ಅಡಿ. ಆ ಮಹನೀಯನು ತನಗೆ ಬೇಕಾದ ಜಲಪಾತವನ್ನು ಹುಡುಕಿಕೊಂಡು ಆಲ್ಪ್ಸ್ ಸುತ್ತಿದನು. ಅದು ಶರಾವತಿಯಲ್ಲಿ ಇತ್ತು. ಇಂದಿನ ನಿಖರವಾದ ಲೆಕ್ಕದಂತೆ ಜೋಗದಲ್ಲಿ ಬಿದ್ದ ನೀರು ಸುಮಾರು ೦.೬ ಸೆಂಟಿಗ್ರೇಡ್ ಡಿಗ್ರಿ ಬಿಸಿಯಾಗಬೇಕು. ಚುಂಚನಕಟ್ಟೆಯಲ್ಲಿ ಆಗುವುದು ಕೇವಲ ೦.೦೫ ಡಿಗ್ರಿ. ಕಾಲೇಜಿನ ಪ್ರಯೋಗಶಾಲೆಯ ಸಾಮಾನ್ಯ ಉಷ್ಣಮಾಪಕದಿಂದ ಇದನ್ನು ಅಳೆಯುವ ಸಾಹಸಕ್ಕೆ ಯಾರೂ ಕೈಹಾಕಬೇಕಾಗಿಲ್ಲ.

ಇದೇ ಶಕ್ತಿಯನ್ನು ನೀರನ್ನು ಬಿಸಿಮಾಡಲು ಬಿಡದೆ ನಡುದಾರಿಯಲ್ಲಿ ಕಸಿದುಕೊಂಡರೆ ವಿದ್ಯುಚ್ಛಕ್ತಿ. ಸೆಕೆಂಡಿಗೆ ಒಂದು ಘನಮೀಟರು ನೀರು ೨೦ ಮೀಟರು ಬಿದ್ದರೆ ಅದರಲ್ಲಿ ಅಡಗಿರುವ ಸಾಮರ್ಥ್ಯ ಸುಮಾರು ೧೯೬ ಕಿಲೋವಾಟು. ಅದೇ ನೀರು ಜೋಗದ ಎತ್ತರದಿಂದ ಬಿದ್ದರೆ ಸುಮಾರು ೨,೪೮೦ ಕಿಲೋವಾಟು. ಚುಂಚನಕಟ್ಟೆಯಲ್ಲಿಯೂ ಒಂದು ಕಿರು ಜಲವಿದ್ಯುತ್ ಕೇಂದ್ರವಿದೆ. ಇಲ್ಲಿಂದ ಮುಂದಕ್ಕೆ ನಮ್ಮ ಕಥೆಯಲ್ಲಿ ಎರಡು ಅದ್ಭುತಗಳು ಒಂದೇ ನೀರಿಗಾಗಿ ಎದುರುಬದುರಾಗಿ ನಿಲ್ಲುತ್ತವೆ. ಯಂತ್ರದ ಚಕ್ರವನ್ನು ತಿರುಗಿಸಿದ ನೀರು ಬಂಡೆಯ ಮೇಲೆ ಬೀಳಲಾರದು. ಬಂಡೆಯ ಮೇಲೆ ಬಿದ್ದ ನೀರು ಚಕ್ರವನ್ನು ತಿರುಗಿಸಲಾರದು.

ನಾಲ್ಕು ತಾಲ್ಲೂಕುಗಳ ಮಳೆ ಸೇರುವ ಸ್ಥಳ

ಕಂಪಲಾಪುರದ ಸುತ್ತಣ ಹೊಲಗಳ ಮೇಲೆ ಬಿದ್ದ ಮಳೆ ಕಾವೇರಿಯನ್ನೋ ಲಕ್ಷ್ಮಣತೀರ್ಥವನ್ನೋ ಸೇರುತ್ತದೆ. ಹುಣಸೂರಿನ ಪಕ್ಕದಲ್ಲಿ ಹರಿಯುವ ಲಕ್ಷ್ಮಣತೀರ್ಥವು ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಕೂಡುತ್ತದೆ. ಹೆಗ್ಗಡದೇವನಕೋಟೆಯ ಕಪಿಲೆಯು ೧೯೭೪ರಲ್ಲಿ ಕಟ್ಟಿದ ಕಬಿನಿ ಜಲಾಶಯವನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಸಂಗಮವಾಗುತ್ತದೆ. ಹೀಗೆ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ತಾಲ್ಲೂಕುಗಳ ನೀರು ಕೊನೆಗೆ ಒಂದೇ ಪ್ರಪಾತದ ಅಂಚಿಗೆ ಬಂದು ನಿಲ್ಲುತ್ತದೆ. ಅದೇ ಶಿವನಸಮುದ್ರ. ನದಿಯು ಇಲ್ಲಿ ದ್ವೀಪವೊಂದನ್ನು ಬಳಸಿ ಎರಡಾಗಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಕೆಳಗಣ ಕಮರಿಗೆ ಬೀಳುತ್ತದೆ.

ಪ್ರಕೃತಿಯ ಅದ್ಭುತವೊಂದು ಮನುಷ್ಯನ ಅದ್ಭುತವಾಗಿ ಮಾರ್ಪಟ್ಟುದನ್ನು ನೋಡಬೇಕೆನ್ನುವವರು ದೂರದೇಶಕ್ಕೆ ಹೋಗುವ ಮೊದಲು ಇಲ್ಲಿಗೆ ಬರಬೇಕೆಂದು ನಮ್ಮ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರಶಕ್ತಿ ಬೇಕಾಗಿತ್ತು. ಗಣಿಯ ಬಳಿ ನದಿಯಿಲ್ಲ. ನದಿಯ ಬಳಿ ಗಣಿಯಿಲ್ಲ. ನಡುವಣ ಅಂತರ ೯೨ ಮೈಲಿ, ಎಂದರೆ ಸುಮಾರು ೧೪೮ ಕಿಲೋಮೀಟರು. ೧೮೯೬ರ ನವೆಂಬರಿನಲ್ಲಿ ನಯಾಗರದ ವಿದ್ಯುತ್ತು ಬಫೆಲೊ ನಗರವನ್ನು ಮುಟ್ಟಿದಾಗ ಜಗತ್ತೇ ಬೆರಗಾಯಿತಷ್ಟೆ. ಅಲ್ಲಿಯ ದೂರ ಇದಕ್ಕಿಂತ ಬಹಳ ಕಡಮೆ. ಅಂತಹ ಕಾಲದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸರ್ಕಾರವು ಈ ಸಾಹಸವನ್ನು ಕೈಗೊಂಡಿತು. ಯೋಜನೆಯ ಹಿಂದೆ ಇದ್ದ ಎಂಜಿನಿಯರು ಎ. ಜೆ. ಡಿ ಲಾಟ್ಬಿನಿಯೇರ್. ೧೯೦೨ರ ಜೂನ್ ೩೦ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರಕ್ಕೆ ಹರಿಯಿತು. ಆಗ ಅದು ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಇಷ್ಟು ದೂರ ವಿದ್ಯುತ್ತನ್ನು ಸಾಗಿಸುವುದರ ಮರ್ಮವೇನು? ತಂತಿಯಲ್ಲಿ ವಿದ್ಯುತ್ ಹರಿದಾಗ ತಂತಿಯು ಬಿಸಿಯಾಗುತ್ತದೆ. ಆ ಶಾಖವೆಲ್ಲ ನಷ್ಟವೇ. ನಷ್ಟವು ಪ್ರವಾಹದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಪ್ರವಾಹ ಇಮ್ಮಡಿಯಾದರೆ ನಷ್ಟ ನಾಲ್ಮಡಿ. ಆದ್ದರಿಂದ ವೋಲ್ಟನ್ನು ಏರಿಸಿ ಪ್ರವಾಹವನ್ನು ಇಳಿಸಬೇಕು. ವೋಲ್ಟು ನೂರ್ಮಡಿಯಾದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ನೂರರಲ್ಲೊಂದು ಭಾಗ, ನಷ್ಟ ಹತ್ತು ಸಾವಿರದಲ್ಲೊಂದು ಭಾಗ! ಶಿವನಸಮುದ್ರದ ತಂತಿಗಳಲ್ಲಿ ೩೫,೦೦೦ ವೋಲ್ಟು ಇಟ್ಟುದು ಇದಕ್ಕಾಗಿ. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೆಳಗಿದ ವಿದ್ಯುದ್ದೀಪಗಳೂ ಈ ಕಾವೇರಿಯ ಪ್ರಸಾದವೇ. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಶಿವನಸಮುದ್ರದಲ್ಲಿ ಇಂದಿಗೂ ವಿದ್ಯುತ್ತು ಹುಟ್ಟುತ್ತಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಯಂತ್ರಗಳಿಗೆ ನೀರು ಸಾಲದೆ ಹೋಯಿತು. ಗಣಿಗಳಿಗೆ ವರ್ಷವಿಡೀ ತಪ್ಪದೆ ವಿದ್ಯುತ್ತು ಕೊಡಬೇಕೆಂಬ ಅಗತ್ಯವೂ ಮಂಡ್ಯದ ಬಯಲಿಗೆ ನೀರು ಕೊಡಬೇಕೆಂಬ ಹಂಬಲವೂ ಕೂಡಿ ಹುಟ್ಟಿದ್ದೇ ಕೃಷ್ಣರಾಜಸಾಗರ. ೧೯೧೧ರಲ್ಲಿ ಕೆಲಸ ಮೊದಲಾಯಿತು. ಆಗ ಮುಖ್ಯ ಎಂಜಿನಿಯರು ಎಂ. ವಿಶ್ವೇಶ್ವರಯ್ಯನವರು. ಮುಗಿಯಲು ಇಪ್ಪತ್ತು ವರ್ಷಗಳು ಹಿಡಿದುವು. ಸುಮಾರು ೨,೬೨೧ ಮೀಟರು ಉದ್ದದ ಕಟ್ಟೆ. ಕಲ್ಲುಗಳನ್ನು ಬೆಸೆದುದು ಸುಣ್ಣದೊಡನೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಹಳೆಯ ಕನ್ನಂಬಾಡಿಯೂ ಇನ್ನು ಹಲವು ಹಳ್ಳಿಗಳೂ ನೀರಿನ ತಳಕ್ಕೆ ಹೋದುವು. ಸಂಜೆ ಬೃಂದಾವನದ ಕಾರಂಜಿಗಳನ್ನು ನೋಡಿ ಹಿಂದಿರುಗುವ ಸಾವಿರಾರು ಪ್ರವಾಸಿಗಳಲ್ಲಿ, ಈ ಕಟ್ಟೆ ಒಂದು ಜಲಪಾತದ ಬೇಸಗೆಯ ಬಾಯಾರಿಕೆಯನ್ನು ನೀಗಲೆಂದೂ ಹುಟ್ಟಿತೆಂಬುದನ್ನು ನೆನೆಯುವವರು ಎಷ್ಟು ಜನ?

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ನಯಾಗರವು ಎತ್ತರದಿಂದ ಪ್ರಸಿದ್ಧವಾದುದಲ್ಲ. ಅದರ ಕುದುರೆಲಾಳದ ಆಕಾರದ ದೊಡ್ಡ ಭಾಗದ ಎತ್ತರ ಐವತ್ತು ಮೀಟರನ್ನು ಅಷ್ಟಿಷ್ಟು ದಾಟುತ್ತದೆ. ವೆನಿಜುವೆಲದ ಏಂಜೆಲ್ ಜಲಪಾತದ ೯೭೯ ಮೀಟರಿನ ಮುಂದಾಗಲಿ, ನಮ್ಮ ಜೋಗದ ಮುಂದಾಗಲಿ ಅದು ಕುಳ್ಳ. ಅದರ ವೈಭವವಿರುವುದು ನೀರಿನ ಮೊತ್ತದಲ್ಲಿ, ಆ ನೀರು ಎಂದೂ ಬತ್ತದಿರುವುದರಲ್ಲಿ. ನದಿಯಲ್ಲಿ ಸರಾಸರಿ ಹರಿಯುವುದು ಸುಮಾರು ಎರಡು ಲಕ್ಷ ಕ್ಯೂಸೆಕ್. ಕಾವೇರಿಯಲ್ಲಿ ಅಂತಹ ಪ್ರಮಾಣವೇ ಬರುವುದಿಲ್ಲವೆಂದಲ್ಲ. ೨೦೧೯ ಮತ್ತು ೨೦೨೪ರ ಆಗಸ್ಟ್ ತಿಂಗಳುಗಳಲ್ಲಿ ಕೃಷ್ಣರಾಜಸಾಗರದಿಂದ ಲಕ್ಷ ಕ್ಯೂಸೆಕ್ಕಿಗೂ ಮಿಗಿಲಾಗಿ ನೀರು ಹೊರಬಿದ್ದಿತು. ಆದರೆ ಅದು ಕೆಲವು ದಿನಗಳ ಸಂಪತ್ತು.

ವ್ಯತ್ಯಾಸವಿರುವುದು ಹಿಂದಣ ಭಂಡಾರದಲ್ಲಿ. ನಯಾಗರದ ಬೆನ್ನಿಗೆ ಉತ್ತರ ಅಮೆರಿಕದ ಮಹಾಸರೋವರಗಳಿವೆ. ಮಳೆ ಬಂದರೂ ಬಾರದಿದ್ದರೂ ಅವು ಒಂದೇ ಸಮನೆ ನೀರು ಸುರಿಸುತ್ತವೆ. ಕೃಷ್ಣರಾಜಸಾಗರದ ಪೂರ್ಣ ಸಂಗ್ರಹ ೪೯.೪೫ ಟಿ.ಎಂ.ಸಿ.; ಅದನ್ನೆಲ್ಲ ಲಕ್ಷ ಕ್ಯೂಸೆಕ್ಕಿನಂತೆ ಹೊರಕ್ಕೆ ಬಿಟ್ಟರೆ ಆರು ದಿನ ತುಂಬುವುದರೊಳಗೆ ಜಲಾಶಯ ಬರಿದು! ವಾಚಕರು ಭಾಗಾಕಾರ ಮಾಡಿ ನೋಡಬಹುದು. ಆದ್ದರಿಂದ ನಮ್ಮ ಜಲಪಾತಗಳು ಋತುವಿನ ಅತಿಥಿಗಳು. ಚುಂಚನಕಟ್ಟೆಯು ಪಟ್ಟಿಯಲ್ಲಿಲ್ಲದಿರುವುದಕ್ಕೆ ಬಂಡೆಯ ಕುಳ್ಳತನಕ್ಕಿಂತ ಮುಂಗಾರಿನ ಚಂಚಲತೆಯೇ ಹೆಚ್ಚಿನ ಕಾರಣ.

ನೋಟಕ್ಕೂ ಒಂದು ಪಾಲು

ಬತ್ತದ ನದಿಯಾದರೂ ನಯಾಗರಕ್ಕೆ ಅಪಾಯವಿರಲಿಲ್ಲವೆ? ಇತ್ತು. ಎರಡೂ ದಡಗಳ ಯಂತ್ರಾಗಾರಗಳು ನೀರನ್ನು ಸೆಳೆಯುತ್ತ ಹೋದುವು. ಕೊನೆಗೆ ೧೯೫೦ರಲ್ಲಿ ಕೆನಡ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳು ಒಂದು ಒಪ್ಪಂದಕ್ಕೆ ಬಂದುವು. ಪ್ರವಾಸದ ಋತುವಿನಲ್ಲಿ ಹಗಲು ಹೊತ್ತು ಜಲಪಾತದ ಮೇಲೆ ೧,೦೦,೦೦೦ ಕ್ಯೂಸೆಕ್ಕಿಗೆ ಕಡಮೆಯಿಲ್ಲದಂತೆ ನೀರು ಬೀಳಬೇಕು. ರಾತ್ರಿಯಲ್ಲಿಯೂ ಚಳಿಗಾಲದಲ್ಲಿಯೂ ೫೦,೦೦೦ಕ್ಕೆ ಕಡಮೆಯಾಗಬಾರದು. ಉಳಿದುದನ್ನು ಎರಡು ದೇಶಗಳೂ ವಿದ್ಯುತ್ತಿಗೆ ಸಮನಾಗಿ ಹಂಚಿಕೊಳ್ಳಬೇಕು. ಸೌಂದರ್ಯಕ್ಕೆ ಎಷ್ಟು ಎಂಬುದನ್ನು ಅಂಕಿಯಲ್ಲಿ ಬರೆದು ಸಹಿ ಹಾಕಿದ್ದು ಬಹಳ ವಿಶೇಷವಾದ ಸಂಗತಿಯೆಂದು ನಮಗೆ ತೋರುತ್ತದೆ. ರಾತ್ರಿ ನೋಡುವವರು ಕಡಮೆಯಾದ್ದರಿಂದ ರಾತ್ರಿ ನೀರೂ ಕಡಮೆ; ವ್ಯಾಪಾರಿ ಬುದ್ಧಿಯೆಂದು ನಗಬಹುದು. ಆದರೂ ಹಗಲಿನ ಪಾಲನ್ನು ಕಾಗದದ ಮೇಲೆ ಉಳಿಸಿಕೊಟ್ಟುದು ಆ ಬುದ್ಧಿಯೇ. ೧೯೬೯ರಲ್ಲಿ ಎಂಜಿನಿಯರುಗಳು ಬಂಡೆಯ ಪರೀಕ್ಷೆಗಾಗಿ ನದಿಗೆ ತಾತ್ಕಾಲಿಕ ಅಡ್ಡಗಟ್ಟೆ ಹಾಕಿ ಅಮೆರಿಕದ ಬದಿಯ ಜಲಪಾತವನ್ನು ಜೂನಿನಿಂದ ನವೆಂಬರಿನವರೆಗೆ ಪೂರ್ತಿಯಾಗಿ ನಿಲ್ಲಿಸಿಬಿಟ್ಟರು. ಬರಿಯ ಬಂಡೆಯನ್ನು ನೋಡಲು ಜನ ಬಂದರು!

ಎಲ್ಲ ಕಡೆಯೂ ಹೀಗೆ ಆಗಲಿಲ್ಲ. ದಕ್ಷಿಣ ಅಮೆರಿಕದಲ್ಲಿ ಬ್ರೆಜಿಲ್, ಪೆರಗ್ವೆಗಳ ಗಡಿಯಲ್ಲಿ ಪರಾನಾ ನದಿಯ ಮೇಲೆ ಗ್ವಾಯಿರಾ ಎಂಬ ಜಲಪಾತವಿತ್ತು. ನೀರಿನ ಮೊತ್ತದಲ್ಲಿ ಭೂಮಂಡಲದ ಅತಿ ದೊಡ್ಡ ಜಲಪಾತಗಳಲ್ಲೊಂದು. ಇಟೈಪು ಅಣೆಕಟ್ಟಿನ ಜಲಾಶಯ ೧೯೮೨ರ ಅಕ್ಟೋಬರಿನಲ್ಲಿ ತುಂಬಿದಾಗ ಅದು ನೀರಿನಡಿಯಲ್ಲಿ ಮುಳುಗಿಹೋಯಿತು. ಅಣೆಕಟ್ಟು ಮನುಷ್ಯನಿರ್ಮಿತ ಅದ್ಭುತಗಳ ಪಟ್ಟಿಗೆ ಸೇರಿತು. ಜಲಪಾತವನ್ನು ಇಂದು ನೋಡಬೇಕಾದರೆ ಹಳೆಯ ಚಿತ್ರಗಳೇ ಗತಿ.

ಈ ಎರಡರ ನಡುವೆ ನಮ್ಮ ಜೋಗ ನಿಂತಿದೆ. ೧೯೪೮ರಲ್ಲಿ ಇಲ್ಲಿಯ ಮೊದಲನೆಯ ವಿದ್ಯುದಾಗಾರ ಕೆಲಸ ಮೊದಲುಮಾಡಿತು. ಅದಕ್ಕೆ ಅನಂತರ ಇಟ್ಟ ಹೆಸರು ಮಹಾತ್ಮ ಗಾಂಧಿಯವರದು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದ ಮೇಲೆ ಶರಾವತಿಯ ಬಹುಪಾಲು ನೀರು ಕೊಳವೆಗಳ ದಾರಿ ಹಿಡಿಯಿತು. ಶರಾವತಿಯ ದೊಡ್ಡ ಕೇಂದ್ರದ ಸಾಮರ್ಥ್ಯ ೧,೦೩೫ ಮೆಗಾವಾಟು. ಬಹಳ ಕಾಲ ಕನ್ನಡನಾಡಿನ ಮನೆಗಳನ್ನು ಬೆಳಗಿದ್ದು ಮುಖ್ಯವಾಗಿ ಈ ನೀರೇ. ಈ ಬೆಳಕಿನಲ್ಲಿ ಓದಿ ದೊಡ್ಡವರಾದವರು ಅದನ್ನು ಹಳಿಯುವುದು ಸಲ್ಲದು. ನಾವೂ ಆ ಗುಂಪಿನವರೇ. ಆದರೆ ಬೇಸಗೆಯಲ್ಲಿ ಜೋಗಕ್ಕೆ ಹೋದವನು ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರುಗಳನ್ನು ಹಿಡಿದುಕೊಂಡು ಬಂಡೆಯ ಮೇಲಿನ ತೇವದ ಗೆರೆಗಳಲ್ಲಿ ಅವುಗಳನ್ನು ಹುಡುಕಬೇಕಾಗುತ್ತದೆ. ನಯಾಗರದಂತೆ ವರ್ಷವಿಡೀ ಲಕ್ಷ ಕ್ಯೂಸೆಕ್ ಕೇಳುವುದು ಮುಂಗಾರಿನ ನಾಡಿನಲ್ಲಿ ಹುಚ್ಚು. ಬೇಸಗೆಯ ನೀರಿಗೆ ಮೊದಲ ಹಕ್ಕು ಕುಡಿಯುವವರದು, ಅನಂತರ ಗದ್ದೆಗಳದು. ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ. ನಾವು ಕೇಳುವುದು ಇಷ್ಟೇ: ಜೋಗಕ್ಕೆ, ಶಿವನಸಮುದ್ರಕ್ಕೆ, ಚುಂಚನಕಟ್ಟೆಗೆ ಇಂತಹ ತಿಂಗಳಲ್ಲಿ, ಇಷ್ಟು ಹೊತ್ತು, ಇಷ್ಟು ನೀರು ಎಂಬ ಅಂಕಿಯೊಂದು ಜನರ ಕಣ್ಣೆದುರಿಗೆ ಇರಲಿ. ಅದು ಸಣ್ಣದಾದರೂ ಚಿಂತೆಯಿಲ್ಲ. ಅಂಕಿಯಿಲ್ಲದ ಪಾಲು ಮೊದಲು ಕರಗುವ ಪಾಲು. ಊರಿನ ಸಾಮಾನ್ಯ ಗೋಮಾಳದ ಗತಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೋಡಲು ಹೊರಡುವವರಿಗೆ ಎರಡು ಮಾತು. ಚುಂಚನಕಟ್ಟೆಗೆ ಹೋಗತಕ್ಕ ಕಾಲ ಜುಲೈಯಿಂದ ಸೆಪ್ಟೆಂಬರಿನವರೆಗೆ. ಕೊಡಗಿನಲ್ಲಿ ಮಳೆ ಹಿಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಒಂದೆರಡು ದಿನ ಬಿಟ್ಟು ಹೊರಟರೆ ನಿರಾಶೆಯಾಗದು. ಪಾಚಿ ಹಿಡಿದ ಬಂಡೆಯ ಮೇಲೆ ಇಳಿಯುವುದು ಎಂದಿಗೂ ಸಲ್ಲದು. ನೀರು ಒಂದೇ ಗಂಟೆಯಲ್ಲಿ ಏರಬಲ್ಲುದು. ಗುಂಟೆಯಷ್ಟು ಬಂಡೆಯ ಮೇಲೆ ಮೊಣಕಾಲುದ್ದ ಹರಿಯುವ ನೀರೂ ಆಳನ್ನು ಕೆಡಹಬಲ್ಲುದು. ಸೂರ್ಯನು ಬೆನ್ನ ಹಿಂದೆ ಬರುವಂತೆ ನಿಂತು, ತಲೆಯ ನೆರಳು ಬೀಳುವ ದಿಕ್ಕಿನಿಂದ ೪೨ ಡಿಗ್ರಿ ಆಚೆಗೆ ತುಂತುರಿನಲ್ಲಿ ನೋಡಬೇಕು. ಕೈಯನ್ನು ನೀಡಿ ಬೆರಳುಗಳನ್ನು ಪೂರ್ತಿ ಅಗಲಿಸಿದರೆ ಒಂದು ಗೇಣು ಸುಮಾರು ೨೦ ಡಿಗ್ರಿ, ಆದ್ದರಿಂದ ಎರಡು ಗೇಣಿಗೆ ಸ್ವಲ್ಪ ಮೇಲೆ. ಸೂರ್ಯನು ಬಹಳ ಮೇಲೇರಿದ ಹೊತ್ತಿನಲ್ಲಿ ಈ ಬಿಲ್ಲು ಕಣ್ಣಮಟ್ಟಕ್ಕಿಂತ ಕೆಳಗೆ ಇಳಿದಿರುತ್ತದೆ. ಮಳೆಯ ಕಾಮನಬಿಲ್ಲು ಆಗ ಕಾಣಿಸುವುದೇ ಇಲ್ಲ. ಜಲಪಾತದ ಅಂಚಿನಲ್ಲಿ ನಿಂತವನಿಗಾದರೋ ತುಂತುರು ಕಾಲ ಕೆಳಗೂ ಇರುವುದರಿಂದ ನಡುಹಗಲಲ್ಲಿಯೂ ಕಮರಿಯೊಳಕ್ಕೆ ಬಗ್ಗಿದ ಬಿಲ್ಲು ಕಾಣಿಸುತ್ತದೆ. ಅನಂತರ ದೇವಸ್ಥಾನದ ಒಳಕ್ಕೆ ಹೋಗಿ, ಮಂಗಳಾರತಿಯ ಗಂಟೆ ನಿಂತ ಮೇಲೆ ಗರ್ಭಗುಡಿಯ ಹೊಸ್ತಿಲ ಬಳಿ ಒಂದು ಕ್ಷಣ ಕಿವಿಗೊಟ್ಟು ಕೇಳಬಹುದು.